ಉಗುರಿಗೆ ಸಿಗದ ಅಂಚು

1897ರಲ್ಲಿ ಮೈಸೂರಿನ ಮರಗೆಲಸಕ್ಕೆ ಸಂಬಂಧಿಸಿದ ಎರಡು ಸಂಗತಿಗಳು ನಡೆದವು. ಒಂದನ್ನು ಊರಿಗೆ ಊರೇ ನಿಂತು ನೋಡಿತು. ಇನ್ನೊಂದು ಯಾರ ಗಮನಕ್ಕೂ ಬಂದಂತಿಲ್ಲ. ಆ ವರ್ಷದ ಫೆಬ್ರವರಿಯಲ್ಲಿ, ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಗಡಿಬಿಡಿಯ ನಡುವೆ, ಹಳೆಯ ಮರದ ಅರಮನೆಗೆ ಬೆಂಕಿ ಹತ್ತಿತು. ಅದೇ ವರ್ಷ ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರಿನ ಪರಿಷ್ಕೃತ ಆವೃತ್ತಿ ಲಂಡನ್ನಿನಲ್ಲಿ ಅಚ್ಚಾಯಿತು. ಶಾಸನಗಳ ಬೆನ್ನು ಹತ್ತಿ ಊರೂರು ತಿರುಗಿದ ರೈಸ್ ಸಾಹೇಬರು ಕೈಕಸುಬುಗಳ ಬಗ್ಗೆ ಬರೆಯುವಾಗ ಮರದಲ್ಲಿ ದಂತ ಕೂರಿಸುವ ಕೆಲಸಕ್ಕೂ ಕೆಲವು ಸಾಲು ಕೊಟ್ಟಿದ್ದಾರೆ. ಕರಿಮರ ಮತ್ತು ಬೀಟೆಯಲ್ಲಿ ದಂತ ಕೂರಿಸುವ ಈ ವಿದ್ಯೆಗೆ ಹಿಂದೆ ಮುಸಲ್ಮಾನರ ಆಶ್ರಯವಿತ್ತು, ಶ್ರೀರಂಗಪಟ್ಟಣದ ಗೋರಿಯ ಬಾಗಿಲುಗಳು ಅದರ ಒಳ್ಳೆಯ ಮಾದರಿ, ಈಚೆಗೆ ಮೈಸೂರಿನಲ್ಲಿ ಅದು ಮತ್ತೆ ಚಿಗುರಿದೆ, ಒಳ್ಳೆಯ ವೀಣೆಗಳ ಮೇಲೂ ಇಂಥ ಕೆಲಸ ಕಾಣುತ್ತದೆ ಎಂಬುದು ಅವರ ಮಾತಿನ ಸಾರ.

ಹೈದರಾಲಿ ಮತ್ತು ಟಿಪ್ಪುವಿನ ಗೋರಿಗಳಿರುವ ಗುಂಬಜ್‌ನಲ್ಲಿ ಆ ಬಾಗಿಲುಗಳನ್ನು ಇವತ್ತೂ ನೋಡಬಹುದು. ಕಟ್ಟಡ 1780ರ ದಶಕದ್ದು, ಟಿಪ್ಪು ಕಟ್ಟಿಸಿದ್ದು. ಬಾಗಿಲುಗಳು ಮಾತ್ರ ಅಷ್ಟು ಹಳೆಯವಲ್ಲ. 1848ರಿಂದ 1856ರವರೆಗೆ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಡಾಲ್‌ಹೌಸಿ ಕೊಟ್ಟ ಕಾಣಿಕೆ ಅವು. ಸಂಸ್ಥಾನಗಳನ್ನು ಒಂದೊಂದಾಗಿ ನುಂಗುವುದಕ್ಕೆ ಹೆಸರಾದ ಮನುಷ್ಯ ಟಿಪ್ಪುವಿನ ಗೋರಿಗೆ ಬಾಗಿಲು ಮಾಡಿಸಿಕೊಟ್ಟದ್ದು ಚರಿತ್ರೆಯ ಚೇಷ್ಟೆಗಳಲ್ಲೊಂದು. ಕಪ್ಪು ಮರದ ಹಿನ್ನೆಲೆ, ಅದರಲ್ಲಿ ಬಿಳಿ ದಂತದ ಬಳ್ಳಿ. ಹೋದವರೆಲ್ಲ ವಿನ್ಯಾಸ ನೋಡಿ ಮೆಚ್ಚಿ ಬರುತ್ತಾರೆ. ಮರಗೆಲಸ ಬಲ್ಲವರ ಕಣ್ಣು ಬೇರೆ ಕಡೆ ಹೋಗುತ್ತದೆ: ಎರಡು ಬೇರೆ ಬೇರೆ ಪದಾರ್ಥಗಳು ಸೇರುವ ಗೆರೆ, ಆ ಗೆರೆಯಲ್ಲಿ ಏರಿಳಿತ ಇದೆಯೋ ಇಲ್ಲವೋ ಎಂಬುದರ ಕಡೆಗೆ.

ಆ ಗೆರೆಯೇ ಈ ಬರಹದ ವಿಷಯ. ಒಂದರೊಳಗೊಂದು ಕೂರಿಸಿದ ಅಥವಾ ಒಂದರ ಮೇಲೊಂದು ಅಂಟಿಸಿದ ಎರಡು ವಸ್ತುಗಳನ್ನು ಒಂದೇ ಮಟ್ಟಕ್ಕೆ ತರುವ ಕೆಲಸ ಮರಗೆಲಸದಷ್ಟೇ ಹಳೆಯದು. ಇವತ್ತು ಜಗತ್ತಿನ ಬಹುತೇಕ ಮರದಂಗಡಿಗಳಲ್ಲಿ ಅಂಚಿನ ಈ ಕೆಲಸವನ್ನು ಮಾಡುವುದು ಬೆರಳುದ್ದದ ಒಂದು ಬಿಟ್: ಫ್ಲಶ್ ಟ್ರಿಮ್ ರೌಟರ್ ಬಿಟ್. ಮೈಸೂರಿನ ಇನ್‌ಲೇ ಕಸುಬುದಾರರು ಅದೇ ಫಲಿತಾಂಶವನ್ನು ಅದಕ್ಕೂ ಬಹಳ ಮೊದಲೇ, ಬೇರೊಂದು ದಾರಿಯಲ್ಲಿ ಸಾಧಿಸಿದ್ದರು. ಎರಡು ದಾರಿಗಳೂ ಈಗ ಒಂದೇ ಊರಿನಲ್ಲಿ, ಕೆಲವೊಮ್ಮೆ ಒಂದೇ ಮೇಜಿನ ಮೇಲೆ ಕೂಡುತ್ತವೆ.

ಮೊದಲು ಅರಮನೆ. ಬೆಂಕಿಯ ನಂತರ ಹೊಸ ಅರಮನೆಯ ನಕ್ಷೆ ಬರೆದವರು ಹೆನ್ರಿ ಇರ್ವಿನ್; ನಿಂತು ಕಟ್ಟಿಸಿದವರು ಎಂಜಿನಿಯರ್ ಬಿ.ಪಿ. ರಾಘವುಲು ನಾಯ್ಡು. 1912ರಲ್ಲಿ ಕೆಲಸ ಮುಗಿಯುವ ಹೊತ್ತಿಗೆ ಖರ್ಚಾದದ್ದು 41,47,913 ರೂಪಾಯಿ. ಒಮ್ಮೆ ಸುಟ್ಟುಕೊಂಡವರು ಮತ್ತೆ ಮರವನ್ನು ನಂಬಲಿಲ್ಲ. ಗೋಡೆಗೆ ಕಲ್ಲು ಮತ್ತು ಇಟ್ಟಿಗೆ ಬಂದವು, ಕಲ್ಯಾಣ ಮಂಟಪಕ್ಕೆ ಗ್ಲಾಸ್ಗೋದಿಂದ ಎರಕದ ಕಬ್ಬಿಣದ ಕಂಬಗಳು ಬಂದವು. ಭಾರ ಹೊರುವ ಕೆಲಸದಿಂದ ಮರಕ್ಕೆ ನಿವೃತ್ತಿಯಾಯಿತು. ಅದಕ್ಕೆ ಉಳಿದದ್ದು ಬಾಗಿಲು, ಚಾವಣಿ, ಪೀಠೋಪಕರಣ. ಅಂದರೆ ಕಣ್ಣಿಗೆ ಹತ್ತಿರವಿರುವ, ಕೈಗೆ ಸಿಗುವ ಜಾಗಗಳು. ಮರಗೆಲಸದವರ ಪಾಲಿಗೆ ಇದು ನಷ್ಟವೇನಲ್ಲ. ತೊಲೆಯ ಮೇಲಿನ ಒರಟುತನ ಯಾರಿಗೂ ಕಾಣದು. ಬಾಗಿಲಿನ ಮೇಲಿನ ಒರಟುತನ ಬಂದವರಿಗೆಲ್ಲ ಕಾಣುತ್ತದೆ. ಅರಮನೆಯ ಅಂಬಾವಿಲಾಸ ಸಭಾಂಗಣಕ್ಕೆ ಹೋಗುವ ದಾರಿಯಲ್ಲಿ ಗಣಪತಿ ಗುಡಿಯ ಕಡೆಗೆ ತೆರೆಯುವ ಬೀಟೆಯ ಬಾಗಿಲಿನಲ್ಲಿ ದಂತ ಕೂರಿಸಿದ ಕೆಲಸವನ್ನು ಪ್ರವಾಸಿಗಳು ಸಾಲಿನಲ್ಲಿ ಸಾಗುತ್ತಲೇ ನೋಡುತ್ತಾರೆ. ಕಾವಲಿನವರು ನಿಲ್ಲಲು ಬಿಡುವುದಿಲ್ಲ, ಮುಟ್ಟಲಂತೂ ಬಿಡುವುದೇ ಇಲ್ಲ. ಮುಟ್ಟಿ ತಿಳಿಯಬೇಕಾದ ಕೆಲಸವನ್ನು ದೂರದಿಂದ ನೋಡಿ ಮೆಚ್ಚಬೇಕಾದ ಪಾಡು ನಮ್ಮದು.

ಅರಮನೆ ಏಳುತ್ತಿದ್ದ ವರ್ಷಗಳಲ್ಲೇ ಕಸುಬನ್ನು ಶಾಲೆಯೊಳಗೆ ತರುವ ಯತ್ನವೂ ನಡೆಯಿತು. ಸಯ್ಯಾಜಿರಾವ್ ರಸ್ತೆಯ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಕಟ್ಟಡಕ್ಕೆ 1906ರಲ್ಲಿ ಅಡಿಗಲ್ಲು ಇಟ್ಟವರು ಆಗ ವೇಲ್ಸ್ ರಾಜಕುಮಾರರಾಗಿದ್ದ, ಮುಂದೆ ಐದನೇ ಜಾರ್ಜ್ ಆದವರು. ಅಲ್ಲಿಯವರೆಗೆ ಅಪ್ಪನಿಂದ ಮಗನಿಗೆ, ಮಾಮನಿಂದ ಅಳಿಯನಿಗೆ ಇಳಿಯುತ್ತಿದ್ದ ವಿದ್ಯೆಗೆ ತರಗತಿ, ಹಾಜರಿ, ಪರೀಕ್ಷೆ ಎಲ್ಲವೂ ಬಂದವು. ಎಂಬತ್ತರ ದಶಕದಲ್ಲಿ ಇದೇ ಸಂಸ್ಥೆ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಾಗಿ, ಊರಿನವರ ಬಾಯಲ್ಲಿ ‘ಕಾವಾ’ ಆಗಿ ರೂಪ ಬದಲಿಸಿತು. ಆದರೂ ಇನ್‌ಲೇ ಕೆಲಸದ ನಿಜವಾದ ಪಾಠಶಾಲೆ ಮಂಡಿ ಮೊಹಲ್ಲಾದಂಥ ಕೇರಿಗಳ ಮನೆಗಳೇ. ಮುಂದಿನ ಕೋಣೆಯಲ್ಲಿ ಹಲಗೆ, ಹಿಂದಿನ ಕೋಣೆಯಲ್ಲಿ ಅಡುಗೆ.

ಈಗ ಆ ಹಲಗೆಯ ಬಳಿ ಸ್ವಲ್ಪ ಕೂರೋಣ. ಬೀಟೆ ಮರದ ತುಂಡೊಂದನ್ನು ಹತ್ತರಿ ಹೊಡೆದು ಸಪಾಟು ಮಾಡಿಟ್ಟಿದ್ದಾರೆ. ಅದರಲ್ಲಿ ಆನೆಯೊಂದನ್ನು ಕೂರಿಸಬೇಕು ಎನ್ನಿ. ಮೈಸೂರಿನಲ್ಲಿ ಆನೆಗಿಂತ ಹೆಚ್ಚು ಬೇಡಿಕೆಯ ಚಿತ್ರ ಯಾವುದಿದೆ? ಕಾಗದದ ಮೇಲೆ ಬರೆದ ಚಿತ್ರವನ್ನು ಬೇರೆ ಬಣ್ಣದ ತೆಳು ಹಲಗೆಗೆ ಅಂಟಿಸಿ, ಎಳೆಯಷ್ಟು ಸಣ್ಣ ಬ್ಲೇಡಿನ ಗರಗಸದಿಂದ ಆನೆಯ ಆಕಾರ ಕೊಯ್ಯುತ್ತಾರೆ. ಹಿಂದೆ ಅದು ದಂತ. ಈಗ ಹಲಸಿನ ಹಳದಿ, ತೇಗದ ಕಂದು, ರಬ್ಬರ್ ಮರದ ಬಿಳುಪು, ಸಂಪಿಗೆಯ ಹಸಿರುಮಿಶ್ರಿತ ಛಾಯೆ. ಕೊಯ್ದ ಆನೆಯನ್ನು ಬೀಟೆಯ ಮೇಲೆ ಇಟ್ಟು, ಅಲ್ಲಾಡದಂತೆ ಹಿಡಿದು, ಅದರ ಅಂಚಿನ ಸುತ್ತ ಚೂಪಾದ ಮೊಳೆಯಂಥ ಕಡ್ಡಿಯಿಂದ ಗೀಚುತ್ತಾರೆ. ಆನೆಯನ್ನು ಎತ್ತಿದರೆ ಅದರ ಗೆರೆ ಬೀಟೆಯ ಮೇಲೆ ಉಳಿಯುತ್ತದೆ. ಗೆರೆಯ ಒಳಗಿನ ಮರವನ್ನು ಸಣ್ಣ ಉಳಿಗಳಿಂದ ಕೆತ್ತಿ ತೆಗೆಯಬೇಕು.

ಎಷ್ಟು ಆಳ? ಕೂರಿಸುವ ತುಂಡಿನ ದಪ್ಪಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಇಡೀ ಕಸುಬಿನ ಜಾಣತನ ಇರುವುದು ಈ ‘ಕಡಿಮೆ’ಯಲ್ಲಿ. ಗುಂಡಿ ಆಳವಾದರೆ ಆನೆ ತಗ್ಗಿನಲ್ಲಿ ಬೀಳುತ್ತದೆ, ಆಮೇಲೆ ಸುತ್ತಲಿನ ಇಡೀ ಬೀಟೆಯನ್ನೇ ಕೆಳಗಿಳಿಸಬೇಕು. ಗುಂಡಿಯ ಆಳ ತೀರಾ ಕಡಿಮೆಯಾದರೆ ಆನೆ ಮೇಲೆದ್ದು ನಿಲ್ಲುತ್ತದೆ, ಹೆರೆದು ಮಟ್ಟ ಮಾಡುವಾಗ ಕಾಲು, ಸೊಂಡಿಲು ಸವೆದು ಚಿತ್ರ ಕೆಡುತ್ತದೆ. ಅಂಟು ಹಚ್ಚಿ, ಒತ್ತಿ, ಒಣಗಿಸಿದ ಮೇಲೆ ಮಟ್ಟದ ಕೆಲಸ ಶುರು. ಹಳಬರು ಬಳಸುತ್ತಿದ್ದದ್ದು ಬಿಸಿ ಮಾಡಿ ಕರಗಿಸಿದ ಮರವಜ್ರ. 1959ರಲ್ಲಿ ಮಾರುಕಟ್ಟೆಗೆ ಬಂದ ಫೆವಿಕಾಲ್ ಆ ವಾಸನೆಯ ಪಾತ್ರೆಯನ್ನು ಮೂಲೆಗೆ ತಳ್ಳಿತು. ಮೊದಲು ಉಕ್ಕಿನ ತಗಡಿನಲ್ಲೋ ಗಾಜಿನ ಚೂರಿನಲ್ಲೋ ಹೆರೆಯುತ್ತಾರೆ, ಆಮೇಲೆ ಒರಟು ಉಪ್ಪುಕಾಗದ, ಕೊನೆಗೆ ನಯವಾದದ್ದು. ನಡುನಡುವೆ ಉಗುರನ್ನು ಗೆರೆಗೆ ಅಡ್ಡವಾಗಿ ಎಳೆದು ನೋಡುತ್ತಾರೆ. ಉಗುರು ಎಡವಿದರೆ ಕೆಲಸ ಬಾಕಿ ಇದೆ ಎಂದರ್ಥ. ಆನೆಯ ಕಣ್ಣು, ಕಿವಿಯ ಮಡಿಕೆ, ಅಂಬಾರಿಯ ಅಲಂಕಾರಗಳನ್ನು ಕೊರೆದು ಕಪ್ಪು ತುಂಬುವುದು, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ಪಾಲಿಶ್ ಹಚ್ಚುವುದು ಇವೆಲ್ಲ ಆಮೇಲೆ.

ಇಲ್ಲಿ ಗಮನಿಸಬೇಕಾದದ್ದೊಂದಿದೆ. ಗುಂಡಿಗೆ ಅಳತೆ ಕೊಡುವುದು ಅಡಿಕೋಲಲ್ಲ, ನಕ್ಷೆಯೂ ಅಲ್ಲ, ಕೂರಬೇಕಾದ ತುಂಡೇ. ಗರಗಸ ಒಂದಿಷ್ಟು ಅತ್ತಿತ್ತ ಓಡಿ ಆನೆಯ ಬಾಲ ಸೊಟ್ಟಗಾದರೂ ಚಿಂತೆಯಿಲ್ಲ, ಗುಂಡಿಯೂ ಅಷ್ಟೇ ಸೊಟ್ಟಗಾಗುತ್ತದೆ. ಆದ್ದರಿಂದ ಒಂದು ಗುಂಡಿಗೆ ಒಂದೇ ಆನೆ. ಪಕ್ಕದ ಹಲಗೆಯ ಆನೆಯನ್ನು ತಂದು ಇಟ್ಟರೆ ಕೂರದು.

ಇನ್ನೊಂದು ದಾರಿಯ ಕತೆ ಹುಟ್ಟಿದ್ದು ಏಳು ಸಮುದ್ರದಾಚೆ. ಗುಂಡಿಯ ತಳವನ್ನು ಒಂದೇ ಆಳಕ್ಕೆ ಹೆರೆಯುವ ರೌಟರ್ ಎಂಬ ಕೈ ಉಪಕರಣ ಯುರೋಪಿನಲ್ಲಿ ಬಹಳ ಹಿಂದಿನಿಂದ ಇತ್ತು: ಮರದ ಗಟ್ಟಿಯೊಂದರ ನಡುವೆ ಉಳಿಯೊಂದು ಹಲ್ಲಿನಂತೆ ಇಣುಕುತ್ತಿತ್ತು. ಅಮೆರಿಕದ ಸ್ಟ್ಯಾನ್ಲಿ ಕಂಪನಿ 1880ರ ದಶಕದಲ್ಲಿ ಅದನ್ನೇ ಎರಕದ ಕಬ್ಬಿಣದಲ್ಲಿ ಮಾಡಿ 71 ಎಂಬ ನಂಬರು ಕೊಟ್ಟು ಮಾರಿತು. ತಿರುಗುವ ಬಿಟ್ ಬಂದದ್ದು ಮೊದಲ ಮಹಾಯುದ್ಧದ ಸುಮಾರಿಗೆ. 1915ರಲ್ಲಿ ಷಿಕಾಗೋದ ಆಸ್ಕರ್ ಆನ್ಸ್‌ರುಡ್ ಗಾಳಿಯ ಒತ್ತಡದಿಂದ ತಿರುಗುವ ಕೈ ರೌಟರ್ ಮಾಡಿದರು. ಅದೇ ಕಾಲಕ್ಕೆ ನ್ಯೂಯಾರ್ಕ್ ರಾಜ್ಯದಲ್ಲಿ ಆರ್.ಎಲ್. ಕಾರ್ಟರ್ ವಿದ್ಯುತ್ ಮೋಟರಿಗೆ ಕತ್ತರಿಸುವ ಬಿಟ್ ಜೋಡಿಸಿ ಮಾರತೊಡಗಿದರು. ಅವರ ವ್ಯಾಪಾರವನ್ನು 1929ರಲ್ಲಿ ಸ್ಟ್ಯಾನ್ಲಿಯೇ ಕೊಂಡಿತು.

ಆದರೆ ಅಂಚನ್ನು ಸಪಾಟು ಮಾಡುವ ಬಿಟ್ಟಿಗೆ ಅನ್ನ ಕೊಟ್ಟದ್ದು ಮರವಲ್ಲ, ಕಾಗದ. ಕಾಗದದ ಪದರಗಳನ್ನು ರಾಳದಲ್ಲಿ ನೆನೆಸಿ, ಬಿಸಿಯಲ್ಲಿ ಒತ್ತಿ ಮಾಡುವ ಗಟ್ಟಿ ಹಾಳೆಯನ್ನು 1912ರ ಸುಮಾರಿಗೆ ಕಂಡುಹಿಡಿದವರು ಹರ್ಬರ್ಟ್ ಫೇಬರ್ ಮತ್ತು ಡ್ಯಾನಿಯಲ್ ಓ’ಕಾನರ್. ಅವರು ಕಟ್ಟಿದ ಕಂಪನಿಯ ಹೆಸರು ಫಾರ್ಮೈಕಾ. ವಿದ್ಯುತ್ ಉಪಕರಣಗಳಿಗೆಂದು ಹುಟ್ಟಿದ ಈ ಹಾಳೆ ಎರಡನೇ ಮಹಾಯುದ್ಧದ ನಂತರ ಅಮೆರಿಕದ ಅಡುಗೆಮನೆಗಳ ಕಟ್ಟೆಯನ್ನೆಲ್ಲ ಆವರಿಸಿತು. ಹಾಳೆಯನ್ನು ಹಲಗೆಗಿಂತ ಒಂದಿಷ್ಟು ದೊಡ್ಡದಾಗಿ ಕತ್ತರಿಸಿ ಅಂಟಿಸುವುದು, ಅಂಚಿನಲ್ಲಿ ಹೊರಚಾಚಿದ್ದನ್ನು ಆಮೇಲೆ ಸವರುವುದು ರೂಢಿ. ಕೈಯಲ್ಲಿ ಅರ ಹಿಡಿದು ಉಜ್ಜಿದರೆ ಒಂದು ಕಟ್ಟೆಗೆ ಅರ್ಧ ದಿನ ಬೇಕು. ಕೈ ಜಾರಿದರೆ ಹಾಳೆ ಸೀಳುತ್ತದೆ. ಸಾಮಾನ್ಯ ಉಕ್ಕಿನ ಬಿಟ್ಟಾದರೆ ಆ ರಾಳಕ್ಕೆ ಬೇಗ ಮೊಂಡಾಗುತ್ತದೆ. ಅಷ್ಟರಲ್ಲಿ ಜರ್ಮನಿಯಲ್ಲಿ 1920ರ ದಶಕದಲ್ಲಿ ಬೆಳೆದ ಟಂಗ್‌ಸ್ಟನ್ ಕಾರ್ಬೈಡ್ ಸಿದ್ಧವಾಗಿತ್ತು. 1926ರಿಂದ ಕ್ರುಪ್ ಕಂಪನಿ ಅದನ್ನು ‘ವಿಡಿಯಾ’ ಎಂಬ ಹೆಸರಿನಲ್ಲಿ ಮಾರುತ್ತಿತ್ತು. ನಮ್ಮೂರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಇವತ್ತಿಗೂ ಕಾರ್ಬೈಡ್ ತುದಿಯ ಬಿಟ್ಟನ್ನು ‘ವಿಡಿಯಾ ಬಿಟ್’ ಎಂದೇ ಕೇಳುವವರಿದ್ದಾರೆ. ನೂರು ವರ್ಷದ ಹಿಂದಿನ ಜರ್ಮನ್ ಹೆಸರು ಸಂತೇಪೇಟೆಯ ಸುತ್ತಮುತ್ತ ಇನ್ನೂ ಚಲಾವಣೆಯಲ್ಲಿದೆ.

ಬಿಟ್ಟಿನ ರಚನೆ ನೋಡಿದರೆ ಇಷ್ಟೇನಾ ಎನಿಸುತ್ತದೆ. ಮೋಟರಿಗೆ ಸಿಕ್ಕಿಸುವ ಒಂದು ಕಡ್ಡಿ, ಅದರ ಕೆಳಗೆ ನೇರವಾದ ಎರಡು ಕಾರ್ಬೈಡ್ ಅಲಗು, ತುದಿಯಲ್ಲಿ ಒಂದು ಪುಟ್ಟ ಬೇರಿಂಗ್. ಬೇರಿಂಗಿನ ಸುತ್ತಳತೆಯೂ ಅಲಗು ತಿರುಗುವ ಸುತ್ತಳತೆಯೂ ಒಂದೇ. ಬೇರಿಂಗ್ ಕೆಳಗಿನ ಹಲಗೆಯ ಅಂಚಿಗೆ ಒರಗಿ ಉರುಳುತ್ತದೆ, ಅಲಗು ಮೇಲೆ ಚಾಚಿದ್ದನ್ನು ಅದೇ ಗೆರೆಗೆ ಸವರುತ್ತದೆ. ಅಲಗು ನಿಮಿಷಕ್ಕೆ ಮೂವತ್ತು ಸಾವಿರ ಸುತ್ತಿನವರೆಗೆ ತಿರುಗುತ್ತಿದ್ದರೂ ಹಲಗೆಯನ್ನು ಮುಟ್ಟಿದ ಬೇರಿಂಗಿನ ಹೊರಬಳೆ ಕೈ ಚಲಿಸಿದಷ್ಟೇ ವೇಗದಲ್ಲಿ ಉರುಳುವುದರಿಂದ ಅಂಚು ಸುಡುವುದಿಲ್ಲ. ಬೇರಿಂಗ್ ಇಲ್ಲದ ಹಳೆಯ ಬಿಟ್ಟುಗಳಲ್ಲಿ ತುದಿಯ ಗಟ್ಟಿ ಉಕ್ಕೇ ಅಂಚಿಗೆ ಉಜ್ಜುತ್ತಿತ್ತು, ಹೋದ ದಾರಿಯುದ್ದಕ್ಕೂ ಕಪ್ಪು ಕಲೆ ಬಿಡುತ್ತಿತ್ತು. ಬೇರಿಂಗನ್ನು ತುದಿಯ ಬದಲು ಅಲಗಿನ ಮೇಲೆ ಕೂರಿಸಿದರೆ ಮೇಲಿಟ್ಟ ಅಚ್ಚುಹಲಗೆಯನ್ನು ಅನುಸರಿಸಬಹುದು. ಒಂದು ಅಚ್ಚು ಮಾಡಿಟ್ಟುಕೊಂಡರೆ ನೂರು ಕುರ್ಚಿಯ ಕಾಲುಗಳು ಒಂದೇ ಪಡಿಯಚ್ಚಿನಲ್ಲಿ ಬರುತ್ತವೆ.

ಮೈಸೂರಿಗೆ ಈ ಬಿಟ್ಟು ಕಾಲಿಟ್ಟದ್ದು ಇನ್‌ಲೇಯ ಕೈ ಹಿಡಿದಲ್ಲ, ಫಾರ್ಮೈಕಾದಂಥದೇ ಹಾಳೆಯಾದ ಸನ್‌ಮೈಕಾದ ಬೆನ್ನೇರಿ. ವಿಜಯನಗರ, ಬೋಗಾದಿ, ಹೂಟಗಳ್ಳಿ ಕಡೆ ಬಡಾವಣೆಗಳು ಬೆಳೆದಂತೆ ಪ್ಲೈವುಡ್ಡಿನ ವಾರ್ಡ್‌ರೋಬು, ಅಡುಗೆಮನೆಯ ಕಪಾಟು, ಟೀವಿ ಯೂನಿಟ್ಟುಗಳ ಕೆಲಸ ಬೆಳೆಯಿತು. ಬಡಗಿಯ ಚೀಲದಲ್ಲಿ ಹತ್ತರಿಯ ಪಕ್ಕಕ್ಕೆ ಈ ಬಿಟ್ಟನ್ನು ತಿರುಗಿಸುವ ಪುಟ್ಟ ಕೈಯಂತ್ರ, ಟ್ರಿಮ್ಮರ್, ಬಂದು ಕೂತಿತು. ಅಂಟು ಹಚ್ಚಿ, ಹಾಳೆ ಒತ್ತಿ, ಟೇಪು ಸುತ್ತಿ ಬಿಟ್ಟು, ಮಾರನೆಯ ದಿನ ಬಾಗಿಲ ಸುತ್ತ ಟ್ರಿಮ್ಮರ್ ಓಡಿಸಿದರೆ ಆಯಿತು. ಬಿಟ್ಟು ತಿರುಗುವ ದಿಕ್ಕಿಗೆ ಎದುರಾಗಿ ಓಡಿಸಬೇಕು ಎಂಬುದನ್ನು ಹೊಸ ಹುಡುಗ ಮೊದಲ ದಿನವೇ ಕಲಿಯುತ್ತಾನೆ. ದಿಕ್ಕು ತಪ್ಪಿದರೆ ಯಂತ್ರ ಕೈಯಿಂದ ಕಿತ್ತುಕೊಂಡು ಓಡುತ್ತದೆ. ಹಾಳೆಯ ಕರಿಪುಡಿ ಮನೆಯೆಲ್ಲ ಹಾರುತ್ತದೆ, ಮನೆಯೊಡತಿ ಬೈಯುತ್ತಾಳೆ, ಮೂಗಿಗೆ ಟವೆಲ್ ಕಟ್ಟಿದ ಹುಡುಗ ತಲೆ ಎತ್ತದೆ ಕೆಲಸ ಮುಂದುವರಿಸುತ್ತಾನೆ.

ಇದೇ ಉಪಕರಣ ಬೀಟೆಯ ಮುಂದೆ ಬಂದಾಗ ಕತೆ ತೊಡಕಾಗುತ್ತದೆ. ಬೀಟೆ ಸಾಧು ಮರವಲ್ಲ. ಅದರ ಎಳೆಗಳು ಒಂದೇ ದಿಕ್ಕಿಗೆ ಓಡದೆ ಪದರ ಪದರಕ್ಕೆ ವಾಲು ಬದಲಿಸುತ್ತವೆ. ಎದುರೆಳೆಗೆ ಅಲಗು ಸಿಕ್ಕಿದರೆ ಅಂಚಿನಿಂದ ಚಕ್ಕೆ ಹಾರುತ್ತದೆ. ಮರದೊಳಗೆ ಸುಣ್ಣದಂಶದ ಗಂಟುಗಳಿರುವುದರಿಂದ ಉಕ್ಕಿನ ಅಲಗು ಬೇಗ ಮೊಂಡಾಗುತ್ತದೆ. ಕೊಡಗು, ಕಾಕನಕೋಟೆ ಕಡೆಯ ಮರ ಕೊಯ್ಯುವವರಿಗೆಲ್ಲ ಗೊತ್ತಿರುವ ವಿಚಾರವಿದು. ಇಲ್ಲಿ ಕಾರ್ಬೈಡಿಗೆ ಮೇಲುಗೈ ಇದೆ. ಟೀಪಾಯಿಯ ದುಂಡು ಹಲಗೆ, ಚಿತ್ರದ ಚೌಕಟ್ಟು, ಪೆಟ್ಟಿಗೆಯ ಮುಚ್ಚಳ ಇಂಥವುಗಳ ಹೊರ ಅಂಚಿಗೆ ಅಚ್ಚುಹಲಗೆ ಹಿಡಿದು ಬಿಟ್ಟು ಓಡಿಸಿದರೆ ಕೆಲಸ ಬೇಗ, ಚೊಕ್ಕ.

ಒಳಮೂಲೆ ಬಂತೋ, ಬಿಟ್ಟಿನ ಆಟ ಮುಗಿಯಿತು. ತಿರುಗುವ ವಸ್ತು ದುಂಡಗಿರಲೇಬೇಕು. ಅರ್ಧ ಇಂಚು ಅಡ್ಡಗಲದ ಬಿಟ್ಟು ಪ್ರತಿ ಒಳಮೂಲೆಯಲ್ಲೂ ಕಾಲು ಇಂಚು ತ್ರಿಜ್ಯದ ದುಂಡನ್ನು ಉಳಿಸಿಯೇ ಹೋಗುತ್ತದೆ. ಮರಗೆಲಸದ ಲೆಕ್ಕದಲ್ಲಿ ಅದು ಎರಡು ನೂಲು. ವಾರ್ಡ್‌ರೋಬಿನ ಬಾಗಿಲಿಗೆ ಇದರಿಂದ ತೊಂದರೆಯಿಲ್ಲ, ಅದರಲ್ಲಿ ಒಳಮೂಲೆಯೇ ಇರುವುದಿಲ್ಲ. ಆನೆಯ ಚಿತ್ರದಲ್ಲಿ? ಸೊಂಡಿಲು ಬಾಯಿಗೆ ಸೇರುವಲ್ಲಿ, ಬಾಲ ಹುಟ್ಟುವಲ್ಲಿ, ಹಿಂಗಾಲು ಹೊಟ್ಟೆಗೆ ತಗಲುವಲ್ಲಿ ಎಲ್ಲ ಕಡೆ ಚೂಪು ಮೂಲೆ. ಅಲ್ಲಿ ಎರಡು ನೂಲು ದುಂಡು ಬಿಟ್ಟರೆ ಆನೆ ಹೋಗಿ ಹಂದಿಯಾಗುತ್ತದೆ. ಹೀಗಾಗಿ ಗುಂಡಿಯ ನಡುಭಾಗವನ್ನು ಯಂತ್ರದಿಂದ ತೋಡಿದರೂ ಗೆರೆಯ ಬಳಿಯ ಕೆಲಸ ಉಳಿಯದ್ದೇ. ಪಶ್ಚಿಮದ ಹವ್ಯಾಸಿಗಳು ಒಂದೇ ಅಚ್ಚಿನಿಂದ ಗುಂಡಿಯನ್ನೂ ತುಂಡನ್ನೂ ಕೊರೆಯುವ ಬಳೆಯ ಸೆಟ್ಟುಗಳನ್ನು ಬಳಸುತ್ತಾರೆ. ಬಳೆ ಹಾಕಿದರೆ ಒಂದು ಅಳತೆ, ತೆಗೆದರೆ ಇನ್ನೊಂದು, ಎರಡರ ವ್ಯತ್ಯಾಸ ಸರಿಯಾಗಿ ಬಿಟ್ಟಿನ ಅಡ್ಡಗಲದಷ್ಟು. ಜಾಣ ಲೆಕ್ಕವೇನೋ ಹೌದು. ಎಲೆ, ಚಿಟ್ಟೆ, ಹೃದಯದಂಥ ದುಂಡನೆಯ ಆಕಾರಗಳಿಗೆ ಚೆನ್ನಾಗಿ ಒಗ್ಗುತ್ತದೆ. ದಸರಾ ಮೆರವಣಿಗೆಯನ್ನು ಅದರಲ್ಲಿ ಮಾಡಹೊರಟವನಿಗೆ ದೇವರೇ ಗತಿ.

ಮಟ್ಟದ ಕೆಲಸಕ್ಕೆ ಯಂತ್ರಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ಕಾನೂನು. ದಂತ ಸಿಗುವವರೆಗೆ ಅದೊಂದು ಹದ. ದಂತ ಗಟ್ಟಿ, ನುಣುಪು, ಹೆರೆದರೆ ಪುಡಿಯಾಗಿ ಬರುತ್ತದೆ, ಬೀಟೆಯೂ ಗಟ್ಟಿ. ಎರಡನ್ನೂ ಒಂದೇ ತಗಡಿನಲ್ಲಿ ಹೆರೆಯಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ಬಂದ ತಿದ್ದುಪಡಿ ಭಾರತದ ಆನೆದಂತದ ವ್ಯಾಪಾರ ನಿಲ್ಲಿಸಿತು. 1991ರ ತಿದ್ದುಪಡಿ ಹೊರಗಿನಿಂದ ತಂದ ಆಫ್ರಿಕಾದ ದಂತಕ್ಕೂ ಬಾಗಿಲು ಹಾಕಿತು. ದಂತದ ವ್ಯಾಪಾರಿಗಳು ಕೋರ್ಟಿಗೆ ಹೋದರು, 1997ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಸೋತರು. ಸೈಬೀರಿಯದ ಹಿಮದಡಿ ಸಿಗುವ ಮ್ಯಾಮತ್ ದಂತ ಆನೆಯದಲ್ಲವಲ್ಲ, ಅದನ್ನಾದರೂ ಬಿಡಿ ಎಂಬ ವಾದವೂ ನಡೆಯಿತು. ಸಾವಿರಾರು ವರ್ಷದ ಹಿಂದೆ ಅಳಿದ ಪ್ರಾಣಿಯ ಹೆಸರು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ದಂತ ಎಂದರೆ ದಂತವೇ, ಅದೂ ನಿಷಿದ್ಧ ಎಂದು 2003ರಲ್ಲಿ ನ್ಯಾಯಾಲಯ ಹೇಳಿತು.

ಬಿಳಿಯ ಜಾಗಕ್ಕೆ ಪ್ಲಾಸ್ಟಿಕ್ ಬಂತು, ವೀಣೆಯ ಅಂಚಿಗೂ ಅದೇ ಬಂತು. ಪ್ಲಾಸ್ಟಿಕ್ ಬೀಟೆಗಿಂತ ಮೆದು. ಎರಡನ್ನೂ ಒಟ್ಟಿಗೆ ಉಜ್ಜಿದರೆ ಪ್ಲಾಸ್ಟಿಕ್ ಬೇಗ ಸವೆದು ತಗ್ಗುತ್ತದೆ, ಬೀಟೆ ದಿಣ್ಣೆಯಾಗಿ ಉಳಿಯುತ್ತದೆ. ಜೋರಾಗಿ ಉಜ್ಜಿದರೆ ಬಿಸಿಗೆ ಕರಗಿ ಉಪ್ಪುಕಾಗದಕ್ಕೆ ಮೆತ್ತಿಕೊಳ್ಳುತ್ತದೆ. ಮೈಸೂರಿನ ಕಸುಬುದಾರರು ಮರಕ್ಕೆ ಮರವನ್ನೇ ಕೂರಿಸುವ ಚಿತ್ರಗಳತ್ತ ಹೊರಳಿದ್ದಕ್ಕೆ ಕಾನೂನಿನ ಜೊತೆಗೆ ಈ ತಾಂತ್ರಿಕ ಕಿರಿಕಿರಿಯೂ ಒಂದು ಕಾರಣ ಇದ್ದೀತು. ಆ ಬದಲಾವಣೆಯಿಂದ ಕಲೆ ಬಡವಾಯಿತು ಎಂದು ಕೊರಗುವವರಿದ್ದಾರೆ. ಆದರೆ ದಂತದ ಕಾಲದಲ್ಲಿ ಬಹುಪಾಲು ಇದ್ದದ್ದು ಬಳ್ಳಿ, ಹೂವು, ಜಾಮಿತಿಯ ವಿನ್ಯಾಸ. ಎತ್ತಿನ ಗಾಡಿ, ಸಂಜೆಯ ಆಕಾಶ, ತೆಂಗಿನ ತೋಪು, ಕೆರೆಯ ನೀರಿನ ಹೊಳಪು ಇವೆಲ್ಲ ಬಂದದ್ದು ಹತ್ತಾರು ಮರಗಳ ಸಹಜ ಬಣ್ಣ ಕೈಗೆ ಸಿಕ್ಕ ಮೇಲೆ. ಒಂದು ಮರದ ಎಳೆಯನ್ನು ಅಡ್ಡಕ್ಕೆ ತಿರುಗಿಸಿದರೆ ಮೋಡ, ಉದ್ದಕ್ಕೆ ತಿರುಗಿಸಿದರೆ ನೀರು. ಇದು ದಂತದಿಂದ ಆಗುವ ಕೆಲಸವಲ್ಲ. ಹಾಗೆಂದು ಮಟ್ಟದ ಕೆಲಸವೇನೂ ಹಗುರಾಗಲಿಲ್ಲ. ಹಲಸು, ತೇಗ, ರಬ್ಬರ್ ಮರಗಳ ಗಟ್ಟಿತನ ಒಂದೊಂದಕ್ಕೂ ಬೇರೆ. ಬೆರಳಿನಿಂದ ಉಪ್ಪುಕಾಗದ ಒತ್ತಿದರೆ ಮೆದು ಮರ ತಗ್ಗಾಗುತ್ತದೆ. ಅದಕ್ಕೇ ಕಾಗದವನ್ನು ಚಪ್ಪಟೆ ಮರದ ತುಂಡಿಗೆ ಸುತ್ತಿ ಉಜ್ಜುತ್ತಾರೆ.

ಬೀಟೆಯೂ ಈಗ ಸಲೀಸಾಗಿ ಸಿಗುವ ಮರವಲ್ಲ. ಅರಣ್ಯ ಇಲಾಖೆಯ ನಾಟಾ ಡಿಪೊಗಳ ಹರಾಜಿನಲ್ಲಿ ಕೂಗುವ ಬೆಲೆಗೆ ಚಿಕ್ಕ ಕಸುಬುದಾರನ ಕೈ ಎಟಕುವುದಿಲ್ಲ. 2017ರ ಜನವರಿಯಿಂದ ಬೀಟೆಯ ಕುಲದ ಬಹುತೇಕ ಮರಗಳೆಲ್ಲ, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಗೆ ಸೇರಿದವು, ರಫ್ತಿಗೆ ಪರವಾನಗಿಯ ತಲೆನೋವು ಶುರುವಾಯಿತು. ಕಾಡಿನಲ್ಲಿ ಕಡಿದು ಮುಗಿಸುತ್ತಿದ್ದವರ ತಪ್ಪಿಗೆ ಬೀಗದ ಕೈ ಗೊಂಚಲು ಮಾಡುವವನೂ ಅರ್ಜಿ ತುಂಬಬೇಕಾಯಿತು. 2019ರಲ್ಲಿ ಜಿನೀವಾದಲ್ಲಿ ನಡೆದ ಸಭೆ ಸಿದ್ಧವಸ್ತುಗಳಿಗೆ ಒಂದಿಷ್ಟು ಸಡಿಲ ಕೊಟ್ಟಿತು: ಒಂದು ರವಾನೆಯಲ್ಲಿ ಇಂಥ ಮರದ ತೂಕ 10 ಕಿಲೋ ಮೀರದಿದ್ದರೆ ವಿನಾಯಿತಿ.

ಮರ ದುಬಾರಿಯಾದಷ್ಟೂ ಹಲಗೆ ತೆಳುವಾಯಿತು. ಇಡೀ ಬೀಟೆಯ ಬದಲು ಪ್ಲೈವುಡ್ಡಿನ ಮೇಲೆ ಬೀಟೆಯ ವಿನಿಯರ್ ಅಂಟಿಸಿದ ಹಲಗೆಗಳು ಬಂದವು. ವಿನಿಯರ್ ಎಂದರೆ ಅರ್ಧ ಮಿಲಿಮೀಟರಿನ ಆಸುಪಾಸು. ಟ್ರಿಮ್ಮರ್ ಮತ್ತು ಇನ್‌ಲೇ ಒಂದೇ ಮೇಜಿಗೆ ಬಂದು ಕೂತದ್ದು ಇಲ್ಲಿಯೇ. ಹಲಗೆಯ ಆಚೆ ಚಾಚಿದ ವಿನಿಯರನ್ನು ಸವರುವುದಕ್ಕೆ ಫ್ಲಶ್ ಟ್ರಿಮ್ ಬಿಟ್ಟಿಗಿಂತ ಒಳ್ಳೆಯ ಉಪಕರಣವಿಲ್ಲ. ಆದರೆ ಅದೇ ತೆಳುತನ ನಡುವಿನ ಚಿತ್ರವನ್ನು ಮಟ್ಟ ಮಾಡುವವನ ಉಸಿರು ಕಟ್ಟಿಸುತ್ತದೆ. ಗಟ್ಟಿ ಬೀಟೆಯಲ್ಲಿ ಹೆರೆಯುವಾಗ ತಪ್ಪಿದರೆ ಇನ್ನೊಂದಿಷ್ಟು ಹೆರೆದು ಸರಿಮಾಡಬಹುದಿತ್ತು. ವಿನಿಯರಿನಲ್ಲಿ ಒಂದು ಕೈ ಹೆಚ್ಚು ಉಜ್ಜಿದರೆ ಕೆಳಗಿನ ಪ್ಲೈವುಡ್ಡಿನ ಬಿಳಿ ಹೊಟ್ಟೆ ಕಾಣುತ್ತದೆ, ಮತ್ತೆ ಮುಚ್ಚುವ ದಾರಿಯಿಲ್ಲ. ಅಗ್ಗದ ಹಲಗೆ ಬೇಡುವುದು ಹೆಚ್ಚು ಪಳಗಿದ ಕೈಯನ್ನು. ಅದಕ್ಕೆ ಸಿಗುವುದು ಕಡಿಮೆ ಬೆಲೆ. ಈ ಲೆಕ್ಕ ಕಸುಬುದಾರರ ಮಕ್ಕಳಿಗೆ ಬೇಗ ಅರ್ಥವಾಗಿದೆ.

ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಕಾಷ್ಠ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಆಧುನಿಕ ಮರಗೆಲಸದ ತರಬೇತಿ ಕೇಂದ್ರವಿದೆ. ಅಲ್ಲಿ ಕಂಪ್ಯೂಟರ್ ನಡೆಸುವ ರೌಟರಿನ ಮೇಲೆ ಹುಡುಗರು ಕೆಲಸ ಕಲಿಯುತ್ತಾರೆ. ಅಂಥ ಯಂತ್ರಕ್ಕೆ ಅಚ್ಚುಹಲಗೆಯೂ ಬೇಡ, ಬೇರಿಂಗೂ ಬೇಡ; ದಾರಿ ಕಂಪ್ಯೂಟರಿನ ಕಡತದಲ್ಲಿರುತ್ತದೆ. ಆದರೂ ಅದರ ಬಿಟ್ಟೂ ದುಂಡಗೇ ತಿರುಗುವುದರಿಂದ ಮೂಲೆಯ ತಕರಾರು ಹಾಗೇ ಉಳಿದಿದೆ. ಲೇಸರಿನಲ್ಲಿ ಮೂಲೆ ಚೂಪಾಗಿ ಬರುತ್ತದೆ, ಅಂಚು ಸುಟ್ಟು ಕಪ್ಪಾಗುತ್ತದೆ.

‘ಮೈಸೂರು ರೋಸ್‌ವುಡ್ ಇನ್‌ಲೇ’ ಎಂಬ ಹೆಸರಿಗೆ 2005ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂದಿದೆ. ಹೆಸರು ಕಾಯುವುದಕ್ಕೆ ಅದು ಸಾಕು, ಅಂಗಡಿಯಲ್ಲಿ ನಿಂತ ಗಿರಾಕಿಗೆ ಸಾಲದು. ಸಯ್ಯಾಜಿರಾವ್ ರಸ್ತೆಯ ಕಾವೇರಿ ಮಳಿಗೆಯಲ್ಲೂ ದೇವರಾಜ ಮಾರುಕಟ್ಟೆಯ ಸುತ್ತಲಿನ ಅಂಗಡಿಗಳಲ್ಲೂ ಆನೆಯ ಚಿತ್ರಗಳ ಸಾಲೇ ಇರುತ್ತದೆ. ಕೊಳ್ಳುವವರು ಆನೆಯ ಮುಖ ನೋಡುವ ಬದಲು ಬಾಲದ ಬುಡ ನೋಡುವುದು ವಾಸಿ. ಅಲ್ಲಿ ಮೂಲೆ ದುಂಡಗಿದ್ದರೆ ಬಿಟ್ಟು ಓಡಿದೆ. ಗೆರೆಯುದ್ದಕ್ಕೂ ಒಂದೇ ಸಮ ಕಪ್ಪು ಅಂಚಿದ್ದರೆ ಲೇಸರ್ ಇದ್ದೀತು. ಗೆರೆಯೇ ಇಲ್ಲದೆ ಬಣ್ಣ ಬದಲಾಗುತ್ತಿದ್ದರೆ ಅದು ಬರೇ ಛಾಪಿಸಿದ ಚಿತ್ರ. ಮೂಲೆ ಚೂಪಾಗಿದ್ದು, ಒಂದೆರಡು ಕಡೆ ಗೆರೆ ತುಸು ದಪ್ಪವಾಗಿ ಅಲ್ಲಿ ಮರದ ಪುಡಿ ಮತ್ತು ಅಂಟು ತುಂಬಿದ್ದು ಕಂಡು, ಅಡ್ಡ ಎಳೆದ ಉಗುರು ಎಲ್ಲೂ ಎಡವದೆ ಹೋದರೆ ಚೌಕಾಸಿ ಹೆಚ್ಚು ಮಾಡದೆ ಕೊಳ್ಳಬಹುದು.